ಸಿಂಹದ ಅಭಯ ಪಡೆದ ಎತ್ತು

ಪಂಚತಂತ್ರವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಮಕ್ಕಳ ಪಠ್ಯಪುಸ್ತಕ. ಹಂಸಗಳೊಡನೆ ಹಾರಹೊರಟ ಆಮೆ, ಮೊಸಳೆಗೆ ಮೋಸಮಾಡಿದ ಕಪಿ, ಬಾವಿಯಲ್ಲಿ ತನ್ನ ನೆರಳನ್ನೇ ಕಂಡು ಹಾರಿದ ಸಿಂಹ. ಒಂದೊಂದು ಕಥೆಯ ಕೆಳಗೂ ದಪ್ಪಕ್ಷರದಲ್ಲಿ ಒಂದು ನೀತಿ. ಆದರೆ ಈ ಬಿಡಿಕಥೆಗಳಲ್ಲಿ ಹಲವನ್ನು ತನ್ನ ಬೆನ್ನಮೇಲೆ ಹೊತ್ತು ನಡೆಯುವ ಎತ್ತೊಂದಿದೆ. ಮೊದಲನೆಯ ತಂತ್ರದ ಕಥೆಯೆಲ್ಲ ಅದರ ಬಾಳು ಮತ್ತು ಸಾವು. ಮಕ್ಕಳ ಪುಸ್ತಕಗಳು ಅದನ್ನು ಇಡಿಯಾಗಿ ಹೇಳುವುದು ಅಪರೂಪ. ಹೇಳಿದರೂ ಚಾಡಿಮಾತಿಗೆ ಕಿವಿಗೊಡಬಾರದೆಂಬ ಬುದ್ಧಿವಾದಕ್ಕೆ ಇಳಿಸಿಬಿಡುತ್ತವೆ. ಇಂದಿನ ಭಾಷಣದಲ್ಲಿ ನಾನು ಆ ಎತ್ತಿನ ವಿಷಯವನ್ನೂ, ಅದರ ಕಥೆಯನ್ನು ಭಾಷೆಯಿಂದ ಭಾಷೆಗೆ ಕೊಂಡೊಯ್ದ ಕೆಲವು ರಾಜಸೇವಕರ ವಿಷಯವನ್ನೂ ಹೇಳಬೇಕೆಂದಿದ್ದೇನೆ. ಇವೆರಡೂ ಒಂದೇ ವಿಷಯವೆಂಬುದು ನನ್ನ ತಿಳಿವಳಿಕೆ.

ಕಥೆ ಮೊದಲಾಗುವುದು ದಕ್ಷಿಣ ದೇಶದ ಮಹಿಳಾರೋಪ್ಯವೆಂಬ ಪಟ್ಟಣದಲ್ಲಿ. ವರ್ಧಮಾನನೆಂಬ ವರ್ತಕ ಸರಕಿನ ಬಂಡಿ ಹೂಡಿಕೊಂಡು ಮಥುರೆಯ ಕಡೆಗೆ ಹೊರಡುತ್ತಾನೆ. ನೊಗದಲ್ಲಿದ್ದ ಎರಡು ಎತ್ತುಗಳ ಹೆಸರು ನಂದಕ, ಸಂಜೀವಕ. ಕಾಡಿನ ನಡುವೆ ಕೆಸರಿನಲ್ಲಿ ಸಿಕ್ಕಿ, ಕಾಲು ಮುರಿದು, ಸಂಜೀವಕ ಕುಸಿದುಬೀಳುತ್ತಾನೆ. ವರ್ತಕ ಕೆಲವು ದಿನ ಕಾದುನೋಡಿ, ಕಾವಲಿಗೆ ಆಳುಗಳನ್ನಿರಿಸಿ ಮುಂದೆ ಸಾಗುತ್ತಾನೆ. ಅವನನ್ನು ದೂರುವಂತಿಲ್ಲ, ಒಂದು ಎತ್ತಿಗಾಗಿ ಇಡೀ ಸಾರ್ಥವನ್ನು ಹುಲಿ ಕರಡಿಗಳ ಕಾಡಿನಲ್ಲಿ ನಿಲ್ಲಿಸಲು ಯಾರಿಂದಾದೀತು? ಆಳುಗಳು ಹೆದರಿ ಓಡಿಬಂದು, ಎತ್ತು ಸತ್ತಿತು, ಸಂಸ್ಕಾರವನ್ನೂ ಮಾಡಿದೆವು ಎಂದು ಒಡೆಯನಿಗೆ ಸುಳ್ಳು ಹೇಳುತ್ತಾರೆ. ಹೀಗೆ, ಮನುಷ್ಯರ ಲೆಕ್ಕದ ಪುಸ್ತಕದಲ್ಲಿ ಸತ್ತುಹೋದ ಮೇಲೆ ಸಂಜೀವಕನ ನಿಜವಾದ ಕಥೆ ಪ್ರಾರಂಭವಾಗುತ್ತದೆ. ಯಮುನೆಯ ತಂಗಾಳಿ, ಎಳೆಹುಲ್ಲು, ಯಾರೂ ಹೂಡದ ಕತ್ತು. ಕೆಲವೇ ದಿನಗಳಲ್ಲಿ ಕೊಬ್ಬಿ, ಹುತ್ತವನ್ನು ಕೊಂಬಿನಿಂದ ಕೆದಕುತ್ತ, ಗುಟುರು ಹಾಕುತ್ತ ಓಡಾಡತೊಡಗುತ್ತಾನೆ.

ಆ ಕಾಡಿನ ಒಡೆಯ ಪಿಂಗಳಕನೆಂಬ ಸಿಂಹ. ನೀರು ಕುಡಿಯಲೆಂದು ನದಿಗೆ ಬಂದವನು ಆ ಗುಟುರು ಕೇಳಿ ಬೆಚ್ಚುತ್ತಾನೆ. ಎತ್ತಿನ ದನಿಯನ್ನೇ ಅರಿಯದ ಕಾಡಿನ ಮೃಗಕ್ಕೆ ಅದು ಯಾವುದೋ ಮಹಾಸತ್ತ್ವದ ಗರ್ಜನೆಯೆಂದು ತೋರುತ್ತದೆ. ನೀರು ಕುಡಿಯದೆಯೇ ಹಿಂದಿರುಗಿ, ಆಲದ ಮರದಡಿ ಪರಿವಾರವನ್ನು ಸುತ್ತ ನಿಲ್ಲಿಸಿಕೊಂಡು, ಅಂಜಿಕೆಯನ್ನು ಗಾಂಭೀರ್ಯದಿಂದ ಮುಚ್ಚಿಕೊಂಡು ಕುಳಿತುಬಿಡುತ್ತಾನೆ. ಇದನ್ನು ಕಂಡುಹಿಡಿಯುವವರು ಕರಟಕ, ದಮನಕರೆಂಬ ಎರಡು ನರಿಗಳು. ಮಂತ್ರಿಯ ಮಕ್ಕಳು, ಆದರೆ ಈಗ ಅಧಿಕಾರ ತಪ್ಪಿದವರು; ಸಿಂಹ ತಿಂದು ಬಿಟ್ಟದ್ದರಲ್ಲಿ ಹೊಟ್ಟೆ ಹೊರೆಯುವವರು. ಕರಟಕನಿಗೆ ಅಷ್ಟೇ ಸಾಕು. ದಮನಕನಿಗೆ ಸಾಲದು. ಒಡೆಯನ ಅಂಜಿಕೆಯ ಗುಟ್ಟು ಕೈಗೆ ಸಿಕ್ಕರೆ ಒಡೆಯನೇ ಕೈಗೆ ಸಿಕ್ಕಂತೆ ಎಂಬ ವಿವೇಕ ಅವನದು.

ಮುಂದಿನ ಸನ್ನಿವೇಶವನ್ನು ನಾನು ಎಷ್ಟು ಸಲ ಓದಿದರೂ ಅದರ ಬಿಗಿ ಕಡಿಮೆಯಾಗಿಲ್ಲ. ದಮನಕ ಹೋಗಿ ನೋಡಿದರೆ, ಮಹಾಸತ್ತ್ವವೆಂಬುದು ಬರಿಯ ಎತ್ತು. ಅವನು ಸಿಂಹದ ಹೆಸರು ಹೇಳಿ ಎತ್ತನ್ನು ಗದರಿಸುತ್ತಾನೆ. ಸಂಜೀವಕ ನಡುಗಿ, ನನಗೆ ಅಭಯ ಕೊಡಿಸು ಎಂದು ಬೇಡಿಕೊಳ್ಳುತ್ತಾನೆ. ದಮನಕ ಒಡೆಯನಲ್ಲಿಗೆ ಹೋಗಿ ಅಭಯವನ್ನು ತಂದುಕೊಡುತ್ತಾನೆ. ಎರಡು ಪ್ರಾಣಿಗಳು ಒಂದನ್ನೊಂದು ಕಂಡು ಅಂಜಿವೆ. ಎರಡು ಅಂಜಿಕೆಗಳನ್ನೂ ಬಲ್ಲವನು ನಡುವೆ ಓಡಾಡುವ ನರಿಯೊಬ್ಬನೇ. ಅಲ್ಲಿಯವರೆಗೆ ಎತ್ತನ್ನು ಕಾಪಾಡುತ್ತಿದ್ದುದು ಅದರ ಗುಟುರು, ಎಂದರೆ ಸಿಂಹದ ಅಜ್ಞಾನ. ಅಭಯವನ್ನು ಸ್ವೀಕರಿಸಿದ ಗಳಿಗೆಯಲ್ಲಿ ಆ ರಕ್ಷೆ ಕಳಚಿಬಿತ್ತು. ಇನ್ನು ಮೇಲೆ ಅದರ ಪ್ರಾಣ ಮತ್ತೊಬ್ಬನ ಮಾತಿನ ಮೇಲೆ ನಿಂತಿತು. ಆದರೆ ಎತ್ತಿಗೆ ಇದು ತಿಳಿಯುವ ಬಗೆ ಯಾವುದು? ಸಿಂಹ ತನಗೆ ಹೆದರಿತ್ತೆಂಬುದನ್ನು ಅದಕ್ಕೆ ಯಾರೂ ಹೇಳಲಿಲ್ಲ.

ಸಿಂಹಕ್ಕೂ ಎತ್ತಿಗೂ ಬೆಳೆದ ಸ್ನೇಹ ನಟನೆಯಲ್ಲ. ಕಥೆಗಾರ ಅದನ್ನು ಗೌರವದಿಂದಲೇ ಚಿತ್ರಿಸುತ್ತಾನೆ. ಸಂಜೀವಕ ಊರಿನಲ್ಲಿ ಬೆಳೆದವನು, ನಾಲ್ಕು ಮಾತು ಬಲ್ಲವನು. ಪಿಂಗಳಕನಿಗೆ ಅವನ ಮಾತಿನಲ್ಲಿ ರುಚಿ ಹತ್ತುತ್ತದೆ, ಬೇಟೆಯಲ್ಲಿ ಮನಸ್ಸು ಕಡಿಮೆಯಾಗುತ್ತದೆ. ಬೇಟೆ ನಿಂತರೆ ಎಂಜಲೂ ನಿಲ್ಲುತ್ತದೆ. ಪರಿವಾರ ಹಸಿಯುತ್ತದೆ. ಸಂಜೀವಕನ ಅಪರಾಧವೆಂದರೆ ಇಷ್ಟೆ: ಅವನು ಒಡೆಯನಿಗೆ ಬೇಕಾದವನಾಗಿದ್ದ, ಮತ್ತು ಹುಲ್ಲು ತಿನ್ನುತ್ತಿದ್ದ. ಸ್ನೇಹವನ್ನು ಕಟ್ಟಿದ ದಮನಕನೇ ಈಗ ಅದನ್ನು ಒಡೆಯಲು ಹೊರಡುತ್ತಾನೆ. ಎತ್ತು ನಿನ್ನ ಸಿಂಹಾಸನದ ಮೇಲೆ ಕಣ್ಣಿಟ್ಟಿದೆ, ಕೊಂಬು ಬಾಗಿಸಿ ಅತ್ತಿತ್ತ ನೋಡುತ್ತ ಬಂದರೆ ತಿಳಿದುಕೋ ಎಂದು ಸಿಂಹಕ್ಕೆ ಹೇಳುತ್ತಾನೆ. ಸಿಂಹ ನಿನ್ನನ್ನು ತಿನ್ನಲು ನಿಶ್ಚಯಿಸಿದೆ, ಕಣ್ಣು ಕೆಂಪಾಗಿ ಕಿವಿ ನಿಮಿರಿದ್ದರೆ ತಿಳಿದುಕೋ ಎಂದು ಎತ್ತಿಗೆ ಹೇಳುತ್ತಾನೆ. ಅಭಯ ಕೊಟ್ಟವನನ್ನು ನಾನೇ ಹೇಗೆ ಕೊಲ್ಲಲಿ ಎಂದು ಪಿಂಗಳಕ ಒಂದಿಷ್ಟು ಹಿಂಜರಿಯುತ್ತಾನೆ. ಆ ಹಿಂಜರಿಕೆಗೆ ದಮನಕನ ಬಳಿ ಮತ್ತೊಂದು ಕಥೆ ಸಿದ್ಧವಿದೆ.

ಕಥೆಯ ನಿಜವಾದ ಕ್ರೌರ್ಯ ಇರುವುದು ಇದಾದ ಮೇಲೆ, ಸಂಜೀವಕನ ಸ್ವಗತದಲ್ಲಿ. ಅವನು ಪೆದ್ದನಲ್ಲ. ಅರಸುಸೇವೆಯ ವಿಷಯದಲ್ಲಿ ಅವನು ಆಡುವ ಮಾತುಗಳಿಗಿಂತ ತಿಳಿವಿನ ಮಾತುಗಳು ಆ ತಂತ್ರದಲ್ಲೇ ವಿರಳ. ಒಡೆಯ ಒಳ್ಳೆಯವನಾದರೂ ಸುತ್ತಲಿನವರು ಕ್ಷುದ್ರರಾದರೆ ಉಳಿವಿಲ್ಲವೆಂದು ಅವನು ಬಲ್ಲ. ತನ್ನ ಗತಿಯನ್ನು ತಾನೇ ಒಂದು ಕಥೆಯಾಗಿ ಹೇಳುತ್ತಾನೆ. ಸಾರ್ಥದಿಂದ ತಪ್ಪಿಸಿಕೊಂಡ ಒಂಟೆಯೊಂದು ಕಾಡಿನಲ್ಲಿ ಸಿಂಹದ ಆಶ್ರಯ ಸೇರುತ್ತದೆ. ಅದಕ್ಕೂ ಅಭಯ ದೊರೆಯುತ್ತದೆ. ಆನೆಯೊಡನೆ ಕಾದು ಗಾಯಗೊಂಡ ಸಿಂಹ ಬೇಟೆಯಾಡಲಾರದೆ ಮಲಗಿದಾಗ, ಕಾಗೆ, ನರಿ, ಚಿರತೆಗಳು ಸೇರಿ ಉಪಾಯ ಹೂಡುತ್ತವೆ. ಅಭಯವನ್ನು ಮುರಿಯುವುದು ಬೇಡ, ಒಂಟೆ ತಾನಾಗಿಯೇ ಒಪ್ಪಿಸಿಕೊಳ್ಳುವಂತೆ ಮಾಡೋಣ. ಕಾಗೆ ಮುಂದೆ ಬಂದು, ನನ್ನನ್ನು ತಿಂದು ಬದುಕಿರಿ ಪ್ರಭು ಎನ್ನುತ್ತದೆ. ನೀನು ತೀರ ಚಿಕ್ಕವನೆಂದು ಉಳಿದವರು ತಡೆಯುತ್ತಾರೆ. ನರಿ ಬರುತ್ತದೆ, ಅದನ್ನೂ ತಡೆಯುತ್ತಾರೆ. ಚಿರತೆ ಬರುತ್ತದೆ, ಅದನ್ನೂ. ಇಷ್ಟು ಸೊಗಸಾದ ಮಾತುಗಳನ್ನು ಕೇಳಿದ ಒಂಟೆ, ನಾನೂ ಹೀಗೊಂದು ಮಾತು ಆಡದಿದ್ದರೆ ಮರ್ಯಾದೆಯಲ್ಲ, ನನ್ನನ್ನೂ ತಡೆಯುತ್ತಾರಲ್ಲ ಎಂದುಕೊಂಡು ಮುಂದೆ ಬರುತ್ತದೆ. ಯಾರೂ ತಡೆಯುವುದಿಲ್ಲ. ಅಭಯದ ಅಕ್ಷರಕ್ಕೆ ಒಂದು ಗೀರೂ ಬೀಳುವುದಿಲ್ಲ.

ಸಾರ್ಥದಿಂದ ಉಳಿದುಹೋದ ಎತ್ತು ಸಾರ್ಥದಿಂದ ತಪ್ಪಿಸಿಕೊಂಡ ಒಂಟೆಯ ಕಥೆಯನ್ನು ಹೇಳುತ್ತದೆ. ಹೇಳುವುದು ಯಾರಿಗೆ? ದಮನಕನಿಗೆ. ಸಿಂಹದ ಕಿವಿ ಕಚ್ಚಿದವರು ಯಾರೋ ಇದ್ದಾರೆಂದು ಅದು ಊಹಿಸುತ್ತದೆ. ಎದುರಿಗೆ ಕುಳಿತು ತಲೆದೂಗುತ್ತಿರುವವನೇ ಅವನೆಂದು ಊಹಿಸುವುದಿಲ್ಲ. ಅಭಯ ತಂದುಕೊಟ್ಟವನು ಅವನಲ್ಲವೆ! ಓಡಿಹೋಗುವ ಯೋಚನೆಯೂ ಬರುತ್ತದೆ, ಆದರೆ ಸಿಂಹದ ಆಶ್ರಯ ತಪ್ಪಿದ ಎತ್ತನ್ನು ಕಾಡಿನ ಇತರ ಮೃಗಗಳು ಬಿಡುವುದಿಲ್ಲ. ಕೊನೆಗೆ ಕಾದಾಡಿ ಸಾಯುವುದೇ ಮೇಲೆಂದು ಸಿಂಹದ ಎದುರಿಗೆ ಹೋಗುತ್ತದೆ, ಕೊಂಬು ಬಾಗಿಸಿ, ಅತ್ತಿತ್ತ ನೋಡುತ್ತ. ಸಿಂಹದ ಕಣ್ಣು ಕೆಂಪಾಗಿದೆ, ಕಿವಿ ನಿಮಿರಿದೆ. ಒಂದರ ಅಂಜಿಕೆ ಇನ್ನೊಂದಕ್ಕೆ ದ್ರೋಹದ ಗುರುತಾಗಿ ಕಾಣುತ್ತದೆ. ಎತ್ತು ಸಾಯುತ್ತದೆ. ಸಿಂಹ ಅಳುತ್ತದೆ. ವೈರಿಯನ್ನು ಕೊಂದು ದುಃಖಿಸುವುದು ರಾಜಧರ್ಮವಲ್ಲವೆಂದು ದಮನಕ ಸಂತೈಸಿ, ಮಂತ್ರಿಯಾಗಿ ಸುಖದಿಂದಿರುತ್ತಾನೆ. ಸಂಸ್ಕೃತದ ಪಂಚತಂತ್ರ ಮೊದಲನೆಯ ತಂತ್ರವನ್ನು ಇಲ್ಲಿಗೆ ಮುಗಿಸುತ್ತದೆ. ಶಿಕ್ಷೆಯಿಲ್ಲ, ಪಶ್ಚಾತ್ತಾಪದಿಂದ ಏನೂ ಬದಲಾಗುವುದಿಲ್ಲ.

ಈ ಮುಕ್ತಾಯವನ್ನು ತಾಳಿಕೊಳ್ಳಲಾರದೆ ಹೋದವನೊಬ್ಬ ಎಂಟನೆಯ ಶತಮಾನದ ಬಸ್ರಾದಲ್ಲಿದ್ದ. ಕಥೆ ಅಲ್ಲಿಗೆ ತಲುಪಿದ ದಾರಿ ಪ್ರಸಿದ್ಧವಾದದ್ದು. ಕ್ರಿ.ಶ. 531ರಿಂದ 579ರವರೆಗೆ ಆಳಿದ ಪಾರಸಿಕ ದೊರೆ ಖುಸ್ರು ಅನುಷಿರ್ವಾನನ ಆಸ್ಥಾನದ ವೈದ್ಯ ಬುರ್ಜೋಯ್ ಭಾರತದಿಂದ ಕೊಂಡೊಯ್ದು ಪಹ್ಲವಿ ಭಾಷೆಗೆ ತಿರುಗಿಸಿದ. ಆ ಪಹ್ಲವಿ ಗ್ರಂಥ ಈಗ ಇಲ್ಲ. ಅದರಿಂದ ಅರಬ್ಬಿಗೆ ತಂದವನು ಇಬ್ನ್ ಅಲ್‌ಮುಕಫ್ಫ. ಕರಟಕ ದಮನಕರು ಅಲ್ಲಿ ಕಲೀಲ, ದಿಮ್ನ ಆದರು. ನಮ್ಮ ಸಂಜೀವಕ ಶಂಜಬನಾದ. ಸಿಂಹಕ್ಕೆ ಹೆಸರೇ ಉಳಿಯಲಿಲ್ಲ. 'ಕಲೀಲ ವ ದಿಮ್ನ' ಅರಬ್ಬಿ ಗದ್ಯದ ಆದಿಕೃತಿಗಳಲ್ಲೊಂದೆಂದು ಇಂದಿಗೂ ಮನ್ನಣೆ ಪಡೆದಿದೆ.

ಮುಕಫ್ಫನೆಂದರೆ ಕೈ ಸುರುಟಿದವನು. ಇವನ ತಂದೆ ಕಂದಾಯದ ಅಧಿಕಾರಿ. ಹಣ ದುರುಪಯೋಗದ ಆಪಾದನೆಯ ಮೇಲೆ ಚಿತ್ರಹಿಂಸೆಗೊಳಗಾಗಿ ಕೈ ಸುರುಟಿಹೋಯಿತು. ಮಗ ಆ ಹೆಸರನ್ನೇ ಹೊತ್ತು ಲಿಪಿಕಾರನಾಗಿ ಅದೇ ಅಧಿಕಾರಿಗಳ ನಡುವೆ ಬೆಳೆದ. ಉಮಯ್ಯದರು ಅಳಿದು ಅಬ್ಬಾಸಿಯರು ಗದ್ದುಗೆಗೆ ಬಂದ ಕಾಲ ಅದು. 754ರಲ್ಲಿ ಖಲೀಫನಾದ ಅಲ್‌ಮನ್ಸೂರನ ಅಭಯಕ್ಕೆ ಎಷ್ಟು ಬೆಲೆಯೆಂಬುದನ್ನು ಅಬೂ ಮುಸ್ಲಿಂ ಎಂಬ ಸೇನಾನಿಯ ಸಾವು ಎಲ್ಲರಿಗೂ ಕಲಿಸಿತ್ತು. ಆ ವಂಶವನ್ನು ಗದ್ದುಗೆಗೇರಿಸಿದವನೇ ಅವನು. 755ರಲ್ಲಿ ಖಲೀಫನ ಸನ್ನಿಧಿಗೆ ಕರೆಸಿಕೊಂಡು ಕೊಲ್ಲಿಸಿದರು. ಅದೇ ಸುಮಾರಿಗೆ ಖಲೀಫನ ಸೋದರಮಾವನಲ್ಲ, ಚಿಕ್ಕಪ್ಪನೇ ಆದ ಅಬ್ದುಲ್ಲಾ ಇಬ್ನ್ ಅಲಿ ದಂಗೆಯೆದ್ದು, ಸೋತು, ಬಸ್ರಾದಲ್ಲಿ ತನ್ನ ಅಣ್ಣತಮ್ಮಂದಿರ ಮರೆ ಹೊಕ್ಕಿದ್ದ. ಅವನಿಗೆ ಖಲೀಫನಿಂದ ಅಭಯಪತ್ರ ಬೇಕಾಯಿತು. ಅದರ ಒಕ್ಕಣೆಯನ್ನು ಬರೆಯುವ ಕೆಲಸ ಇಬ್ನ್ ಅಲ್‌ಮುಕಫ್ಫನ ಪಾಲಿಗೆ ಬಂತು.

ಒಂಟೆಯ ಕಥೆಯನ್ನು ಅರಬ್ಬಿಗೆ ತಂದವನ ಕೈಯಲ್ಲಿ ಆ ಪತ್ರ ಹೇಗಿದ್ದಿರಬೇಕು, ಊಹಿಸಿ. ಒಂದು ಸಂದನ್ನೂ ಬಿಡದೆ ಬರೆದ. ಖಲೀಫ ಈ ಮಾತಿಗೆ ತಪ್ಪಿದರೆ ಅವನ ಹೆಂಡತಿಯರಿಗೆ ವಿಚ್ಛೇದನ, ಅವನ ಗುಲಾಮರಿಗೆ ಬಿಡುಗಡೆ, ಪ್ರಜೆಗಳಿಗೆ ಅವನಿಗೆ ಕೊಟ್ಟ ನಿಷ್ಠೆಯ ಪ್ರಮಾಣದಿಂದ ಮುಕ್ತಿ ಎಂದು ಷರತ್ತುಗಳನ್ನು ಹಾಕಿದನೆಂದು ಚರಿತ್ರಕಾರರು ಹೇಳುತ್ತಾರೆ. ಸಿಂಹದ ಮಾತನ್ನು ಅಕ್ಷರದಿಂದ ಕಟ್ಟಿಹಾಕುವ ಪ್ರಯತ್ನ ಇದು. ಮನ್ಸೂರ್ ಪತ್ರವನ್ನು ಓದಿ, ಇದನ್ನು ಬರೆದವರು ಯಾರೆಂದು ವಿಚಾರಿಸಿದ. ಬಸ್ರಾದ ಅಧಿಕಾರಿ ಸುಫ್ಯಾನನಿಗೆ ಸೂಚನೆ ಹೋಯಿತು. ಸುಫ್ಯಾನನಿಗೂ ಈ ಲಿಪಿಕಾರನ ಮೇಲೆ ಸ್ವಂತದ ಸಿಟ್ಟಿತ್ತು. ಅವನ ಮೂಗು ಬಹಳ ದೊಡ್ಡದೆಂದು, ನಿಮ್ಮಿಬ್ಬರಿಗೂ ಸಲಾಂ ಎಂದು ಇವನು ಹಾಸ್ಯ ಮಾಡುತ್ತಿದ್ದನಂತೆ. ಸುಮಾರು 756ಕ್ಕೂ 759ಕ್ಕೂ ನಡುವೆ, ಇನ್ನೂ ನಲವತ್ತು ತುಂಬದ ಇಬ್ನ್ ಅಲ್‌ಮುಕಫ್ಫನ ಅಂಗಾಂಗಗಳನ್ನು ಕತ್ತರಿಸಿ ಉರಿಯುವ ಒಲೆಗೆ ಹಾಕಿದರೆಂದು ಪರಂಪರೆ ಹೇಳುತ್ತದೆ. ಅಬ್ದುಲ್ಲಾ ಸೆರೆ ಸೇರಿದ. 764ರಲ್ಲಿ, ಅವನನ್ನಿಟ್ಟಿದ್ದ ಮನೆ ಕುಸಿದು ಸತ್ತ.

ಅರಬ್ಬಿ ಗ್ರಂಥದಲ್ಲಿ ಎತ್ತಿನ ಸಾವಿನ ನಂತರ, ನಮ್ಮ ಪಂಚತಂತ್ರದಲ್ಲಿಲ್ಲದ ಒಂದು ಅಧ್ಯಾಯವಿದೆ: ದಿಮ್ನನ ವಿಚಾರಣೆ. ಅದು ಇಬ್ನ್ ಅಲ್‌ಮುಕಫ್ಫನೇ ಸೇರಿಸಿದ್ದೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸಿಂಹದ ತಾಯಿ ಪಟ್ಟುಹಿಡಿದು ವಿಚಾರಣೆ ನಡೆಸುತ್ತಾಳೆ. ದಿಮ್ನ ಅದ್ಭುತವಾಗಿ ವಾದಿಸುತ್ತಾನೆ. ನರಿಗಳಿಬ್ಬರ ಮಾತನ್ನು ಕೇಳಿಸಿಕೊಂಡಿದ್ದ ಚಿರತೆ ಸಾಕ್ಷಿ ನುಡಿಯುತ್ತದೆ, ಸೆರೆಮನೆಯಲ್ಲಿದ್ದ ಮತ್ತೊಂದು ಮೃಗವೂ ನುಡಿಯುತ್ತದೆ. ಎರಡು ಸಾಕ್ಷಿ ಕೂಡಿದ ಮೇಲೆ ದಿಮ್ನನಿಗೆ ಮರಣ. ಕಲೆಯ ದೃಷ್ಟಿಯಿಂದ ಈ ಅಧ್ಯಾಯ ಬಾಲದಂತೆ ಅಂಟಿಕೊಂಡಿದೆಯೆಂದು ಹೇಳುವವರಿದ್ದಾರೆ, ನನಗೂ ಒಮ್ಮೊಮ್ಮೆ ಹಾಗೆ ತೋರುವುದುಂಟು. ಆದರೆ ಅದನ್ನು ಬರೆದ ಕೈಯನ್ನೂ, ಆ ಅಭಯಪತ್ರವನ್ನು ಬರೆದ ಕೈಯನ್ನೂ ಒಟ್ಟಿಗೆ ನೆನೆದಾಗ ಆಕ್ಷೇಪ ಮಾಡಲು ಮನಸ್ಸು ಬರುವುದಿಲ್ಲ. ಕಾಗದ, ಸಾಕ್ಷಿ, ನ್ಯಾಯಾಸನ ಇವುಗಳಿಂದ ಸಿಂಹದ ಮಾತಿಗೆ ಬಲ ಬಂದೀತೆಂದು ಅವನು ಕಥೆಯಲ್ಲೂ ನಂಬಿದ್ದ, ಕಚೇರಿಯಲ್ಲೂ ನಂಬಿದ್ದ.

ಇನ್ನು ನಮ್ಮ ದುರ್ಗಸಿಂಹ. ಕನ್ನಡದಲ್ಲಿ ಪಂಚತಂತ್ರವನ್ನು ಚಂಪೂರೂಪದಲ್ಲಿ ಬರೆದ ಈತ ಚಾಳುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು; ಕೃತಿಯ ಕಾಲ 1031. ಸಂಧಿವಿಗ್ರಹಿಯ ಕೆಲಸ ಹೆಸರೇ ಹೇಳುವಂತೆ ಒಪ್ಪಂದ ಮತ್ತು ಯುದ್ಧಗಳ ಮಂತ್ರಾಲೋಚನೆ. ಆ ಕಾಲದ ಎಷ್ಟೋ ಶಾಸನಗಳ ಒಕ್ಕಣೆ ಇಂಥ ಅಧಿಕಾರಿಗಳದೇ. ದುರ್ಗಸಿಂಹನ ಒಡೆಯನಿಗೆ ನೆಮ್ಮದಿಯ ದಿನಗಳು ಕಡಿಮೆ. ತೆಂಕಣಿಂದ ರಾಜೇಂದ್ರ ಚೋಳ ನುಗ್ಗಿಬಂದು, 1021ರ ಸುಮಾರಿಗೆ ಮುಶಂಗಿಯಲ್ಲಿ, ಅಂದರೆ ಇಂದಿನ ಮಸ್ಕಿಯೆಂದು ಗುರುತಿಸಿರುವ ಸ್ಥಳದಲ್ಲಿ, ಜಯಸಿಂಹನನ್ನು ಸೋಲಿಸಿದೆನೆಂದು ತನ್ನ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಬಡಗಣದಲ್ಲಿ ಮಾಳವದ ಭೋಜ. ಒಬ್ಬನೊಡನೆ ಕಾದುತ್ತ ಇನ್ನೊಬ್ಬನೊಡನೆ ಮಾತಾಡುತ್ತಿರಬೇಕಾದ ರಾಜ್ಯದ ಕಾಗದಪತ್ರಗಳನ್ನು ನೋಡಿಕೊಳ್ಳುವವನು ಪಶುಪಕ್ಷಿಗಳ ಕಥೆಯನ್ನು ಕೈಗೆತ್ತಿಕೊಂಡದ್ದು ಮಕ್ಕಳನ್ನು ನಲಿಸಲೆಂದು ನನಗೆ ತೋರುವುದಿಲ್ಲ.

ದುರ್ಗಸಿಂಹ ಅನುಸರಿಸಿದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನದನ್ನು. ಈ ಪರಂಪರೆಯೇ ಕಡಲು ದಾಟಿ ಜಾವಾಕ್ಕೂ ಸಯಾಮಿಗೂ ಹೋಯಿತು. ಅಲ್ಲಿ ಸತ್ತ ಎತ್ತಿನ ಹೆಸರು ನಂದಕ. ವಿಷ್ಣುಶರ್ಮನ ಮೊದಲ ತಂತ್ರ 'ಮಿತ್ರಭೇದ'. ದುರ್ಗಸಿಂಹನದು ಬರಿಯ 'ಭೇದ'. ಉಳಿದ ನಾಲ್ಕು ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಈ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಕಥಾಪುಸ್ತಕದ ಪರಿವಿಡಿಗಿಂತ ಒಬ್ಬ ಅನುಭವಸ್ಥ ಅಧಿಕಾರಿಯ ದಿನಚರಿಯಂತೆ ಕೇಳಿಸುತ್ತವೆ. ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳಲ್ಲಿ ಭೇದ ಆತನ ಕಸುಬಿನ ಮಾತು. ಗೆಳೆತನ ಮುರಿಯುವ ದುಃಖದ ಕಡೆಯಿಂದ ವಿಷ್ಣುಶರ್ಮ ಆ ಕಥೆಗೆ ಹೆಸರಿಟ್ಟರೆ, ಮುರಿಯುವ ಉಪಾಯದ ಕಡೆಯಿಂದ ಈ ಪರಂಪರೆ ಹೆಸರಿಟ್ಟಿದೆ. ಹೆಸರು ವಸುಭಾಗನಿಂದ ಬಂದದ್ದೇ ಇರಲಿ, ಅದನ್ನು ಆರಿಸಿ ಉಳಿಸಿಕೊಂಡವನು ಸಂಧಿವಿಗ್ರಹಿ. ಕಥೆಗಳು ಅರಮನೆಯೊಳಗೇ ಉಳಿಯಲಿಲ್ಲ. ಆತನ ತರುವಾಯ ಕೆಲವು ದಶಕಗಳಲ್ಲೇ ಬಳ್ಳಿಗಾವಿಯ ತ್ರಿಪುರಾಂತಕ ದೇವಾಲಯದ ಕಲ್ಲಿನಲ್ಲಿ ಪಂಚತಂತ್ರದ ಪ್ರಾಣಿಗಳು ಮೂಡಿದವು. ಶಿಕಾರಿಪುರದ ಕಡೆಗೆ ಹೋದವರು ಅವನ್ನು ನೋಡದೆ ಬರಬಾರದು.

ಚಿತ್ರಕಾರರಿಗೂ ಈ ಸಾವು ಬಹಳ ಪ್ರಿಯವಾದ ವಸ್ತು. 1429ರಲ್ಲಿ ಹೆರಾತಿನಲ್ಲಿ, ತೈಮೂರನ ವಂಶದ ರಾಜಕುಮಾರ ಬೈಸುಂಘರನಿಗಾಗಿ ಸಿದ್ಧವಾದ ಹಸ್ತಪ್ರತಿಯೊಂದು ಈಗ ಇಸ್ತಾಂಬುಲಿನಲ್ಲಿದೆ. ಅದರಲ್ಲಿ ಸಿಂಹ ಎತ್ತಿನ ಮೇಲೆರಗಿ ಕಚ್ಚಿಹಿಡಿದಿದೆ. ಒಂದು ಬದಿಯಲ್ಲಿ ನರಿಗಳೆರಡೂ ನಿಂತು ನೋಡುತ್ತಿವೆ. ಸುತ್ತ ಹೂ ಬಿಟ್ಟ ಗಿಡಗಳು.

ಅದೇ ಹೆರಾತಿನಲ್ಲಿ ಹುಸೇನ್ ಕಾಶಿಫಿ ಈ ಕಥೆಗಳನ್ನು ಅತಿ ಅಲಂಕೃತವಾದ ಪಾರಸಿಯಲ್ಲಿ ಮತ್ತೆ ಬರೆದ. ಕಬ್ಬಿಣದ ಕಡಲೆಯಾದ ಆ ಗ್ರಂಥವನ್ನು ತಿಳಿಗೊಳಿಸಬೇಕೆಂದು ಅಕ್ಬರ್ ಬಾದಶಹ ಅಪ್ಪಣೆಮಾಡಿದ್ದು ಅಬುಲ್ ಫಜಲನಿಗೆ. 1588ರಲ್ಲಿ 'ಇಯಾರಿ ದಾನಿಶ್' ಮುಗಿಯಿತು. ಇದರ ಕರ್ತೃ ಬಾದಶಹನಿಗೆ ಎಷ್ಟು ಹತ್ತಿರದವನೆಂಬುದು ಎಲ್ಲರಿಗೂ ಗೊತ್ತು. ಹತ್ತಿರದವನೆಂಬುದೇ ಶಾಹಜಾದೆ ಸಲೀಮನ ಕಣ್ಣಿಗೆ ಕುತ್ತಾಯಿತು. ತಂದೆಯ ಮೇಲೆ ತಿರುಗಿಬಿದ್ದು ಅಲಹಾಬಾದಿನಲ್ಲಿದ್ದ ಸಲೀಮ, ಈ ಮನುಷ್ಯ ಆಸ್ಥಾನಕ್ಕೆ ಮರಳಿದರೆ ತಂದೆಯ ಮನಸ್ಸನ್ನು ನನ್ನ ವಿರುದ್ಧ ಕೆಡಿಸುತ್ತಾನೆಂದು ಹೆದರಿದ. ತಾನೇ ತನ್ನ ಆತ್ಮಕಥೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. 1602ರ ಆಗಸ್ಟಿನಲ್ಲಿ ಅಬುಲ್ ಫಜಲ್ ದಖನ್ನಿನಿಂದ ಹಿಂದಿರುಗುತ್ತಿದ್ದ. ಹಾದಿಯಲ್ಲಿ ಅಪಾಯವಿದೆ, ಬೇರೆ ದಾರಿ ಹಿಡಿಯಿರಿ ಎಂದು ಜೊತೆಯವರು ಹೇಳಿದರೂ ಅವನು ಒಪ್ಪಲಿಲ್ಲವೆಂದು ಚರಿತ್ರಕಾರರು ಬರೆಯುತ್ತಾರೆ. ಸಂಜೀವಕನ ಸ್ವಗತವನ್ನು ತನ್ನ ಕೈಯಾರೆ ಬರೆದವನು ಅವನು. ಬೀರ್ ಸಿಂಗ್ ಬುಂದೇಲ ದಾರಿಯಲ್ಲಿ ಅಡ್ಡಗಟ್ಟಿ ಕೊಂದು, ತಲೆಯನ್ನು ಅಲಹಾಬಾದಿಗೆ ಕಳುಹಿಸಿದ. ಅಕ್ಬರ್ ಅತ್ತ, ಬೀರ್ ಸಿಂಗನ ಬೆನ್ನಟ್ಟಲು ಸೈನ್ಯವನ್ನು ಕಳುಹಿಸಿದ, ಅವನು ಸಿಕ್ಕಲಿಲ್ಲ.

ದಿಮ್ನನ ವಿಚಾರಣೆ ಅಬುಲ್ ಫಜಲನ ಪುಸ್ತಕದಲ್ಲೂ ಇದೆ. 1605ರಲ್ಲಿ ಸಲೀಮ ಜಹಾಂಗೀರನಾಗಿ ಪಟ್ಟಕ್ಕೆ ಬಂದ. ಬೀರ್ ಸಿಂಗ್ ಬುಂದೇಲ ಓರ್ಛಾದ ಅರಸನಾದ.